ಫ್ರಿಜ್‌ನಲ್ಲಿ ಉಳಿದ ತರಕಾರಿಯ ಸೂಪ್: ನನ್ನದು ಯಾಕೆ ಹೀಗಾಯಿತು?

ಭಾನುವಾರದ ಬುಟ್ಟಿ · ಭಾನುವಾರ, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಒಂದು ದೊಡ್ಡ ಪಾತ್ರೆ ಸೂಪ್ ಮಾಡಿ, ಅದರಲ್ಲಿ ಮುಕ್ಕಾಲು ಪಾಲನ್ನು ಸಿಂಕಿಗೆ ಸುರಿದು ಬಂದು ಕೂತಿದ್ದೇನೆ. ಎಲ್ಲಿ ತಪ್ಪಾಯಿತು, ಸ್ವಲ್ಪ ಹೇಳಿ.

ನಾವು ಬೆಂಗಳೂರಿನಲ್ಲಿ ಇಬ್ಬರೇ ಇರುವುದು. ಭಾನುವಾರ ಬೆಳಗ್ಗೆ ವಾರದ ತರಕಾರಿ ತರುತ್ತೇವೆ. ತರುವಾಗ ಉತ್ಸಾಹ ಜಾಸ್ತಿ. ಬುಧವಾರ ಬಂತೆಂದರೆ ಆಫೀಸಿನ ಗಡಿಬಿಡಿ, ಹೊರಗಿನ ಊಟ. ಮುಂದಿನ ಭಾನುವಾರ ಫ್ರಿಜ್ ತೆಗೆದರೆ ಕೆಳಗಿನ ಡ್ರಾಯರಿನಲ್ಲಿ ಅರ್ಧಂಬರ್ಧ ತರಕಾರಿಗಳ ಸಂತೆ. ಇವತ್ತು ಇದ್ದದ್ದು: ಅರ್ಧ ಎಲೆಕೋಸು, ಎರಡು ಮೂಲಂಗಿ, ರಬ್ಬರಿನ ಹಾಗೆ ಬಾಗುವ ಮೂರು ಕ್ಯಾರೆಟ್, ಒಂದು ಹಿಡಿ ಬೀನ್ಸ್, ಅರ್ಧ ಬೀಟ್‌ರೂಟ್, ಒಂದು ದಪ್ಪ ಮೆಣಸಿನಕಾಯಿ, ಎರಡು ಆಲೂಗಡ್ಡೆ, ಮೆತ್ತಗಾದ ನಾಲ್ಕು ಟೊಮೆಟೊ, ದಾರವನ್ನೂ ಬಿಚ್ಚದ ಒಂದು ಕಟ್ಟು ಕೊತ್ತಂಬರಿ.

ಎಲ್ಲ ತೊಳೆದು ಹೆಚ್ಚಿ ಕುಕ್ಕರಿಗೆ ಹಾಕಿ, ಒಂದೂವರೆ ಲೀಟರ್ ನೀರು ಸುರಿದು, ನಾಲ್ಕು ಸೀಟಿ ಕೂಗಿಸಿದೆ. ಆಮೇಲೆ ಮಿಕ್ಸಿ. ಬಂದದ್ದು ಇಟ್ಟಿಗೆ ಪುಡಿ ಕಲಸಿದ ನೀರಿನ ಬಣ್ಣ. ವಾಸನೆಯೋ, ಮದುವೆ ಮುಗಿದ ಮರುದಿನ ಛತ್ರದ ಹಿಂಬಾಗಿಲಲ್ಲಿ ಬರುತ್ತದಲ್ಲ, ಅದು. ಉಪ್ಪು, ಕಾಳುಮೆಣಸು ಎಷ್ಟು ಹಾಕಿದರೂ ರುಚಿ ಹತ್ತಲಿಲ್ಲ. ನಮ್ಮನೆಯವರು ಎರಡು ಚಮಚ ಕುಡಿದು "ಯಾಕೋ ಹಸಿವಿಲ್ಲ" ಅಂದರು. ಐದು ನಿಮಿಷ ಬಿಟ್ಟು ನೋಡಿದರೆ ಬ್ರೆಡ್ಡಿಗೆ ಜಾಮ್ ಹಚ್ಚುತ್ತಿದ್ದರು.

ಸಾಲದ್ದಕ್ಕೆ ಬಿಸಿಬಿಸಿಯಲ್ಲೇ ಮಿಕ್ಸಿಗೆ ಹಾಕಿದ್ದರಿಂದ ಮುಚ್ಚಳ ಹಾರಿತು. ಟೈಲ್ಸಿನಿಂದ ಹಿಡಿದು ಗೋಡೆಯ ಕ್ಯಾಲೆಂಡರಿನವರೆಗೂ ಸೂಪ್. ಈ ತಿಂಗಳಲ್ಲಿ ಏಕಾದಶಿ ಯಾವತ್ತು ಎಂದು ಈಗ ಯಾರಿಗೂ ಗೊತ್ತಾಗುವುದಿಲ್ಲ.

ರಾತ್ರಿ ಪಾಳಿ · 9:20

ಕೈ ಸುಟ್ಟುಕೊಂಡಿಲ್ಲ ತಾನೆ? ಮೊದಲು ಅದನ್ನು ಹೇಳಿ.

ಕುದಿಯುವುದನ್ನು ಮಿಕ್ಸಿಗೆ ಹಾಕಬಾರದು. ತಿರುಗಿದ ಕೂಡಲೇ ಒಳಗಿನ ಹಬೆ ಒಮ್ಮೆಗೇ ಹಿಗ್ಗಿ ಮುಚ್ಚಳವನ್ನು ತಳ್ಳುತ್ತದೆ. ಚೆನ್ನಾಗಿ ಆರಿದ ಮೇಲೆ, ಜಾರಿನ ಅರ್ಧದಷ್ಟು ಮಾತ್ರ ಹಾಕಿ, ಮುಚ್ಚಳದ ಮೇಲೆ ದಪ್ಪ ಬಟ್ಟೆ ಹಿಡಿದು ತಿರುಗಿಸಿ.

ಭಾನುವಾರದ ಬುಟ್ಟಿ · 9:22

ಕೈಗೆ ಏನೂ ಆಗಿಲ್ಲ. ಮಾನ ಸ್ವಲ್ಪ ಸುಟ್ಟಿದೆ.

ಒಲೆ ಮುಂದಿನವ · 9:51

ನಮ್ಮದು ಅಡುಗೆ ಕಂಟ್ರಾಕ್ಟ್ ಕೆಲಸ. ಮದುವೆ, ಗೃಹಪ್ರವೇಶ ಅಂತ ಇಪ್ಪತ್ತು ವರ್ಷದಿಂದ ಒಲೆ ಮುಂದೆಯೇ ಇದ್ದೇನೆ. ನಿಮ್ಮ ಪಟ್ಟಿ ಓದುವಾಗಲೇ ವಾಸನೆ ಬಂತು ಮೇಡಂ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ತಪ್ಪು ಎಲೆಕೋಸು, ಮೂಲಂಗಿ. ಇವೆರಡು, ಹೂಕೋಸು, ನವಿಲುಕೋಸು, ಎಲ್ಲ ಒಂದೇ ಬಳಗ. ಇವುಗಳಲ್ಲಿ ಗಂಧಕದ ಅಂಶ ಇರುತ್ತದೆ. ಐದಾರು ನಿಮಿಷ ಬೆಂದರೆ ಸಿಹಿ. ಅದಕ್ಕಿಂತ ಹೊತ್ತು ಬೆಂದಷ್ಟೂ ಆ ಕೆಟ್ಟ ವಾಸನೆ ಏಳುತ್ತದೆ. ತೆರೆದ ಪಾತ್ರೆಯಾದರೆ ಸ್ವಲ್ಪ ಹಬೆಯ ಜೊತೆ ಹೋಗುತ್ತದೆ. ನೀವು ಕುಕ್ಕರಿನಲ್ಲಿ ಬೀಗ ಹಾಕಿ ಕೂರಿಸಿದ್ದೀರಿ, ಅದೂ ನಾಲ್ಕು ಸೀಟಿ.

ಬಣ್ಣದ ಕಥೆ ಬೀಟ್‌ರೂಟಿನದು. ಜಾಸ್ತಿ ಬೆಂದರೆ ಅದರ ಕೆಂಪು ಕಂದಾಗುತ್ತದೆ. ಇತ್ತ ಬೀನ್ಸಿನ ಹಸಿರು, ಟೊಮೆಟೊ ಹುಳಿಯಲ್ಲಿ ಬೆಂದು ಸಗಣಿ ಬಣ್ಣಕ್ಕೆ ತಿರುಗುತ್ತದೆ. ಎರಡೂ ಸೇರಿದರೆ ನಿಮ್ಮ ಇಟ್ಟಿಗೆ ಪುಡಿ. ಬೀಟ್‌ರೂಟ್ ಹಾಕಿದರೆ ಅದು ಬೀಟ್‌ರೂಟ್ ಸೂಪೇ. ಅದು ಯಾರ ಜೊತೆಗೂ ಹೊಂದಿಕೊಂಡು ಹೋಗುವ ಜಾತಿಯಲ್ಲ. ಹಸಿರು ದಪ್ಪ ಮೆಣಸಿನಕಾಯಿ ಕೂಡ ಹೊತ್ತು ಬೆಂದರೆ ಕಹಿ ಬಿಡುತ್ತದೆ.

ಎಲ್ಲಕ್ಕಿಂತ ದೊಡ್ಡದು ಇನ್ನೊಂದಿದೆ. ನಿಮ್ಮ ಪಟ್ಟಿಯಲ್ಲಿ ಈರುಳ್ಳಿ ಎಲ್ಲಿ?

ಭಾನುವಾರದ ಬುಟ್ಟಿ · 9:58

ಈರುಳ್ಳಿ ಬುಟ್ಟಿಯಲ್ಲಿತ್ತು, ಫ್ರಿಜ್‌ನಲ್ಲಿ ಇರಲಿಲ್ಲ. ಉಳಿದದ್ದನ್ನು ಖಾಲಿ ಮಾಡುವುದು ಅಂತ ತಾನೆ ಹೊರಟದ್ದು!

ಒಲೆ ಮುಂದಿನವ · 10:09

ಅಲ್ಲೇ ನೋಡಿ ಇರುವುದು. ಉಳಿದ ತರಕಾರಿ ಸೂಪಿಗೆ ಮೈ ಕೊಡುತ್ತದೆ. ರುಚಿ ಕೊಡುವುದು ಈರುಳ್ಳಿ, ಬೆಳ್ಳುಳ್ಳಿ. ಒಂದು ದೊಡ್ಡ ಈರುಳ್ಳಿ ಸಣ್ಣಗೆ ಹೆಚ್ಚಿ, ಎರಡು ಚಮಚ ಬೆಣ್ಣೆಯಲ್ಲೋ ಎಣ್ಣೆಯಲ್ಲೋ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬಾಡಿಸಿ. ಕೆಂಪಾಗಬಾರದು. ಗಾಜಿನ ಹಾಗಾಗಿ, ಮೂಗಿಗೆ ಸಿಹಿ ವಾಸನೆ ಬರಬೇಕು. ಚಿಟಿಕೆ ಉಪ್ಪು ಆಗಲೇ ಹಾಕಿ, ನೀರು ಬೇಗ ಬಿಡುತ್ತದೆ. ಈ ಹತ್ತು ನಿಮಿಷ ಉಳಿಸಲು ಹೋದವರ ಸೂಪೆಲ್ಲ ಆಸ್ಪತ್ರೆ ಸೂಪೇ ಆಗುವುದು.

ಆಮೇಲೆ ಗಟ್ಟಿ ತರಕಾರಿ: ಕ್ಯಾರೆಟ್, ಆಲೂಗಡ್ಡೆ, ಬೀನ್ಸ್. ಅವು ಮೆತ್ತಗಾದ ಮೇಲೆಯೇ ಟೊಮೆಟೊ. ಮೊದಲೇ ಹಾಕಿದರೆ ಅದರ ಹುಳಿಗೆ ಆಲೂಗಡ್ಡೆ, ಬೇಳೆ ಯಾವುದೂ ಬೇಗ ಬೇಯುವುದಿಲ್ಲ. ಹುಳಿ ಮಾಡುವಾಗ ಬೇಳೆ ಬೆಂದ ಮೇಲೆ ತಾನೆ ಹುಣಸೆ ರಸ ಬಿಡುವುದು? ಅದೇ ಲೆಕ್ಕ. ಎಲೆಕೋಸು ಕೊನೆಯ ಆರೇಳು ನಿಮಿಷ, ಮುಚ್ಚಳ ತೆರೆದು. ಕೊತ್ತಂಬರಿ ಎಲೆ ಒಲೆ ಆರಿಸಿದ ಮೇಲೆ.

ರಾತ್ರಿ ಪಾಳಿ · 10:15

ಆಸ್ಪತ್ರೆ ಅಡುಗೆಮನೆಯಲ್ಲೇ ಕೆಲಸ ಮಾಡುವವಳು ನಾನು. ಈ ಅವಮಾನವನ್ನು ದಾಖಲಿಸಿಕೊಂಡಿದ್ದೇನೆ.

ಮಂಡ್ಯದ ಅಜ್ಜಿ · ಸೋಮವಾರ, ಬೆಳಗ್ಗೆ 7:30

(ಅಜ್ಜಿ ಹೇಳುತ್ತಿದ್ದಾರೆ, ಟೈಪ್ ಮಾಡುತ್ತಿರುವುದು ಮೊಮ್ಮಗಳು.)

ಮಗು, ನೀನು ಸೂಪು ಅನ್ನುವುದನ್ನು ನಮ್ಮ ಮನೆಯಲ್ಲಿ ಕಟ್ಟು ಅನ್ನುತ್ತಾರೆ. ಬಸ್ಸಾರು ಮಾಡುವುದಿಲ್ಲವಾ ನೀನು? ತೊಗರಿಬೇಳೆ ಹಾಕಿ, ಅದು ಅರ್ಧ ಬೆಂದಾಗ ಸೊಪ್ಪೋ ಹುರುಳಿಕಾಯಿಯೋ ಏನಿದೆಯೋ ಅದನ್ನು ಹಾಕಿ ಬೇಯಿಸಿ, ನೀರನ್ನು ಬಸಿಯಬೇಕು. ಬಸಿದ ಸಾರು, ಅದಕ್ಕೇ ಬಸ್ಸಾರು. ಬಸಿದ ಕಟ್ಟು ಸಾರಿಗೆ, ಉಳಿದದ್ದು ಒಗ್ಗರಣೆ ಹಾಕಿ ಪಲ್ಯಕ್ಕೆ. ಒಂದು ಒಲೆ, ಎರಡು ಅಡುಗೆ, ಬಿಸಾಡುವುದು ಏನೂ ಇಲ್ಲ. ಆ ಕಟ್ಟಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿ, ಜೀರಿಗೆ, ಮೆಣಸು, ಉಪ್ಪು ಹಾಕಿ ಒಂದು ಕುದಿ ಕುದಿಸಿ ಲೋಟದಲ್ಲಿ ಕೊಟ್ಟರೆ ನೆಗಡಿ ಆದವರು ಇನ್ನೊಂದು ಲೋಟ ಕೇಳುತ್ತಾರೆ.

ನಿನ್ನ ಗಂಡ ಬ್ರೆಡ್ಡು ತಿಂದದ್ದರಲ್ಲಿ ತಪ್ಪಿಲ್ಲ.

(ಕೊನೆಯ ಸಾಲು ಬೇಡ ಅಂದೆ. ಹಾಕು ಅಂದರು.)

ಧಾರವಾಡದ ಕಟ್ಟೆ · 8:05

ಅಜ್ಜಿ, ನಮಸ್ಕಾರ ರೀ. ನಮ್ಮ ಕಡೆಯೂ ಕಟ್ಟು ಇದೆ, ಆದರೆ ಹೋಳಿಗೆ ದಿನ. ಹೂರಣಕ್ಕೆ ಕಡಲೆಬೇಳೆ ಬೇಯಿಸಿ ಬಸಿದ ನೀರಿನಿಂದ ಕಟ್ಟಿನ ಸಾರು. ಹೋಳಿಗೆಗಿಂತ ಅದಕ್ಕೇ ಜಗಳ ನಮ್ಮ ಮನೆಯಲ್ಲಿ.

ಬುಟ್ಟಿ ಅಕ್ಕಾರಿಗೆ ಒಂದು ಮಾತು. ಮಿಕ್ಸಿ ಯಾಕ್ರೀ ಬೇಕು? ಮನೆಯಲ್ಲಿ ಕಡಗೋಲು ಇಲ್ಲವೇ? ಬೇಳೆ, ಸೊಪ್ಪು ಮಸೆಯುತ್ತೇವಲ್ಲ, ಹಾಗೇ ಪಾತ್ರೆಯಲ್ಲೇ ನಾಲ್ಕು ಸುತ್ತು ಮಸೆಯಿರಿ. ಆಲೂಗಡ್ಡೆ ಕರಗಿ ಸೂಪು ಗಟ್ಟಿಯಾಗುತ್ತದೆ, ಕ್ಯಾರೆಟ್ ಹೋಳು ಬಾಯಿಗೆ ಸಿಗುತ್ತವೆ. ಮಿಕ್ಸಿಯಲ್ಲಿ ಹಾಕಿದರೆ ಅದು ಕೂಸಿನ ಊಟ. ಕ್ಯಾಲೆಂಡರೂ ಉಳಿಯುತ್ತದೆ.

ಮ್ಯೂನಿಕ್ ಮಲ್ಲಿಗೆ · ಮಧ್ಯಾಹ್ನ 2:40

ಇದನ್ನು ಓದುತ್ತಾ ಇಲ್ಲಿ ಆಫೀಸಿನಲ್ಲಿ ಒಬ್ಬಳೇ ನಗುತ್ತಿದ್ದೇನೆ. ಜರ್ಮನಿಯ ಅಂಗಡಿಗಳಲ್ಲಿ ಸೂಪಿಗೆಂದೇ ಒಂದು ತರಕಾರಿ ಕಟ್ಟು ಮಾರುತ್ತಾರೆ. ಸುಪ್ಪೆನ್‌ಗ್ರ್ಯೂನ್ ಅಂತ ಹೆಸರು, ಸೂಪಿನ ಹಸಿರು ಎಂದರ್ಥ. ಕ್ಯಾರೆಟ್, ಲೀಕ್ ಅನ್ನುವ ಈರುಳ್ಳಿಯ ಉದ್ದನೆಯ ನೆಂಟ, ಸೆಲರಿ ಗಡ್ಡೆಯ ಒಂದು ತುಂಡು, ಸಾಮಾನ್ಯವಾಗಿ ಒಂದಿಷ್ಟು ಪಾರ್ಸ್ಲಿ. ನಮ್ಮಲ್ಲಿ ತರಕಾರಿಯವನು ಕೊನೆಗೆ ಕರಿಬೇವು, ಕೊತ್ತಂಬರಿ ಸುಮ್ನೆ ಹಾಕುತ್ತಿದ್ದನಲ್ಲ, ಅದನ್ನು ಇಲ್ಲಿ ದಾರ ಕಟ್ಟಿ ದುಡ್ಡಿಗೆ ಕೊಡುತ್ತಾರೆ ಅನ್ನಿಸಿತ್ತು ನನಗೆ ಮೊದಲ ಸಲ. ಆ ಕಟ್ಟಿನಲ್ಲಿ ಎಲೆಕೋಸು ಇಲ್ಲ, ಬೀಟ್‌ರೂಟ್ ಇಲ್ಲ ಎಂಬುದನ್ನು ಗಮನಿಸಿ. ಒಲೆ ಮುಂದಿನ ಅಣ್ಣ ಹೇಳಿದ್ದು ಸರಿ.

ನನ್ನ ಫ್ರೀಜರಿನಲ್ಲಿ ಒಂದು ಡಬ್ಬಿ ಇದೆ. ಕ್ಯಾರೆಟ್ ತುದಿ, ಬಟಾಣಿ ಸುಲಿದ ಸಿಪ್ಪೆ, ಕೊತ್ತಂಬರಿ ದಂಟು, ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡು, ತೊಳೆದ ಈರುಳ್ಳಿ ಸಿಪ್ಪೆ ಎರಡು ಪದರ, ಎಲ್ಲ ಅದರೊಳಗೆ. ತುಂಬಿದಾಗ ಮುಳುಗುವಷ್ಟು ನೀರು ಹಾಕಿ ಮುಕ್ಕಾಲು ಗಂಟೆ ಸಣ್ಣಗೆ ಕುದಿಸಿ ಸೋಸುತ್ತೇನೆ. ಜೋಳದ ದಿಂಡು, ಬಟಾಣಿ ಸಿಪ್ಪೆ ಎಷ್ಟು ಸಿಹಿ ಬಿಡುತ್ತವೆ ಅಂದರೆ ನಂಬಲ್ಲ ನೀವು. ಈರುಳ್ಳಿ ಸಿಪ್ಪೆ ಚಿನ್ನದ ಬಣ್ಣ ಕೊಡುತ್ತದೆ. ಆ ನೀರನ್ನೇ ಸೂಪಿಗೆ ಬಳಸುತ್ತೇನೆ.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಇಟಲಿಯವರ ಮಿನೆಸ್ಟ್ರೋನೆ ಎಂಬ ತರಕಾರಿ ಸೂಪಿಗೆ ಪಾರ್ಮೆಸಾನ್ ಚೀಸಿನ ಗಟ್ಟಿ ಅಂಚನ್ನು ಹಾಕಿ ಕುದಿಸುವ ರೂಢಿ ಇದೆ. ಇಟಲಿಯ ಅಸಲಿ ಪಾರ್ಮೆಸಾನನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ, ಹಾಲನ್ನು ಗಟ್ಟಿ ಮಾಡುವ ಪದಾರ್ಥ ಹಾಕಿಯೇ ಮಾಡುವುದು. ಇದು ತಿಳಿಯುವ ಹೊತ್ತಿಗೆ ನಾನು ಎರಡು ಚಳಿಗಾಲ ಕುಡಿದಾಗಿತ್ತು. ಅಮ್ಮನಿಗೆ ಇನ್ನೂ ಹೇಳಿಲ್ಲ.

ಪುತ್ತೂರು ಮಾವ · ಸಂಜೆ 6:18

ಎಲ್ಲ ಸರಿ ಮಾರಾಯ್ರೆ. ಆದರೆ ಉಳಿದದ್ದು ಬೇರೆ, ಹಾಳಾದದ್ದು ಬೇರೆ. ಅದನ್ನು ಯಾರೂ ಹೇಳಲಿಲ್ಲ.

ಬಾಡಿದ ಕ್ಯಾರೆಟಿಗೆ ಏನೂ ಆಗಿಲ್ಲ, ನೀರು ಹೋಗಿದೆ ಅಷ್ಟೆ. ಅರ್ಧ ಗಂಟೆ ತಣ್ಣೀರಿನಲ್ಲಿ ಹಾಕಿಟ್ಟರೆ ಮತ್ತೆ ಲಟಕ್ ಅಂತ ಮುರಿಯುತ್ತದೆ. ಮೆತ್ತಗಾದ ಟೊಮೆಟೊ ಸೂಪಿಗೆ ಇನ್ನೂ ಒಳ್ಳೆಯದೇ. ಆದರೆ ಬೂಸ್ಟು ಬಂದ ಟೊಮೆಟೊ ಪೂರ್ತಿ ಬಿಸಾಡಬೇಕು. ಮೆದು ಹಣ್ಣಿನಲ್ಲಿ ಬೂಸ್ಟು ಕಣ್ಣಿಗೆ ಕಾಣದ ಹಾಗೆ ಒಳಗೆ ಹರಡಿರುತ್ತದೆ. ಕ್ಯಾರೆಟಿನಂಥ ಗಟ್ಟಿಯಾದರೆ ಸುತ್ತ ಒಂದಿಂಚು ಕೊಯ್ದು ತೆಗೆದು ಉಳಿದದ್ದು ಬಳಸಬಹುದು. ಲೋಳೆ ಲೋಳೆಯಾದ ಸೊಪ್ಪು ಗೊಬ್ಬರದ ಗುಂಡಿಗೆ. ಕುದಿಸಿದರೆ ಎಲ್ಲ ಸರಿಯಾಗುತ್ತದೆ ಅನ್ನುವುದು ತಪ್ಪು ಲೆಕ್ಕ.

ಹಸಿರು ತಿರುಗಿದ ಆಲೂಗಡ್ಡೆಯ ವಿಷ ಬೇಯಿಸಿದರೂ ಹೋಗುವುದಿಲ್ಲ. ಸ್ವಲ್ಪ ಹಸಿರಿದ್ದರೆ ಆಳವಾಗಿ ಕೊಯ್ದು ತೆಗೆಯಿರಿ, ಜಾಸ್ತಿ ಇದ್ದರೆ ಬಿಸಾಡಿ. ಇನ್ನು ಸೋರೆಕಾಯಿ. ಹೆಚ್ಚುವ ಮೊದಲು ಒಂದು ಸಣ್ಣ ಚೂರು ನಾಲಿಗೆಗೆ ಮುಟ್ಟಿಸಿ ಉಗುಳಿ. ಕಹಿ ಇದ್ದರೆ ಪೂರ್ತಿ ಕಾಯಿಯನ್ನೇ ಬಿಡಬೇಕು, ಸೌತೆಕಾಯಿಯ ಹಾಗೆ ತುದಿ ಉಜ್ಜಿ ಕೂರುವುದಲ್ಲ. ಕಹಿ ಸೋರೆಕಾಯಿ ರಸ ಕುಡಿದು ಜೀವ ಹೋದದ್ದೂ ಇದೆ. ಕುಡಿಯಲೇಬೇಡಿ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ತಜ್ಞರ ಸಮಿತಿಯೇ ಹೇಳಿತ್ತು.

ಮತ್ತೆ, ಹೀರೆಕಾಯಿ ಸಿಪ್ಪೆಯನ್ನು ಸೂಪಿನ ಡಬ್ಬಿಗೆ ಹಾಕಿದರೆ ನಮ್ಮ ಮನೆಯಲ್ಲಿ ಗಲಾಟೆ ಆಗುತ್ತದೆ. ಅದು ಚಟ್ನಿಯ ಪಾಲು.

ಭಾನುವಾರದ ಬುಟ್ಟಿ · ರಾತ್ರಿ 10:02

ಪ್ರಿಂಟ್ ತೆಗೆದು ಫ್ರಿಜ್ ಬಾಗಿಲಿಗೆ ಅಂಟಿಸುತ್ತೇನೆ. ಒಂದೇ ಸಂಶಯ. ಜಾಸ್ತಿ ಮಾಡಿದರೆ ಎಷ್ಟು ದಿನ ಇಡಬಹುದು? ಅತ್ತೆ ಹೇಳುತ್ತಾರೆ, ಪೂರ್ತಿ ತಣ್ಣಗಾಗದೆ ಫ್ರಿಜ್‌ಗೆ ಇಡಬಾರದು ಅಂತ. ಹಾಗಾಗಿ ರಾತ್ರಿ ಮಾಡಿದ್ದು ಬೆಳಗಿನವರೆಗೂ ಹೊರಗೇ ಇರುತ್ತದೆ.

ರಾತ್ರಿ ಪಾಳಿ · 11:35

ರಾತ್ರಿಯೆಲ್ಲ ಹೊರಗೆ ಇಡಲೇಬೇಡಿ. ಬೆಚ್ಚಗಿನ ಸೂಪು ಬ್ಯಾಕ್ಟೀರಿಯಾಕ್ಕೆ ಹೆರಿಗೆ ಮನೆ. ಒಲೆಯಿಂದ ಇಳಿಸಿದ ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. ಹಾಗಂತ ಅತ್ತೆಯವರ ಮಾತಿನಲ್ಲೂ ಅರ್ಥವಿದೆ, ಕುದಿಯುವ ದೊಡ್ಡ ಪಾತ್ರೆ ಇಟ್ಟರೆ ಪಕ್ಕದ ಹಾಲು ಮೊಸರೂ ಬಿಸಿಯಾಗುತ್ತದೆ. ನಾವು ಮಾಡುವುದು ಹೀಗೆ: ಸಿಂಕಿನಲ್ಲಿ ತಣ್ಣೀರು ನಿಲ್ಲಿಸಿ, ಪಾತ್ರೆಯನ್ನು ಅದರಲ್ಲಿ ಕೂರಿಸಿ, ಸೌಟಿನಿಂದ ಆಗಾಗ ತಿರುಗಿಸುವುದು. ಅರ್ಧ ಗಂಟೆಯಲ್ಲಿ ಉಗುರು ಬೆಚ್ಚಗಾಗುತ್ತದೆ. ಆಮೇಲೆ ಆಳ ಇಲ್ಲದ ಅಗಲ ಡಬ್ಬಿಗಳಿಗೆ ಹಾಕಿ ಒಳಗಿಡಿ. ಮೂರು ದಿನ ಇರುತ್ತದೆ, ಹೆಚ್ಚೆಂದರೆ ನಾಲ್ಕು. ಬೇಕಾದಷ್ಟೇ ತೆಗೆದು, ಬೆಚ್ಚಗೆ ಅಲ್ಲ, ಕುದಿ ಬರುವವರೆಗೆ ಕಾಯಿಸಿ.

ಫ್ರೀಜರಿಗಾದರೆ ಆಲೂಗಡ್ಡೆ ಹಾಕಬೇಡಿ. ಕರಗಿಸಿದಾಗ ಮರಳು ಮರಳಾಗುತ್ತದೆ.

ಧಾರವಾಡದ ಕಟ್ಟೆ · ಮಂಗಳವಾರ, ಬೆಳಗ್ಗೆ 9:10

ಒಂದು ಪ್ರಶ್ನೆ. ಇಷ್ಟೆಲ್ಲ ಆದ ಮೇಲೆ ಸೂಪಿಗೂ ಸಾರಿಗೂ ವ್ಯತ್ಯಾಸ ಏನ್ರೀ?

ಒಲೆ ಮುಂದಿನವ · 9:25

ಸಾರು ಅನ್ನದ ಜೊತೆ ಬರುತ್ತದೆ. ಸೂಪು ಅನ್ನ ಬರುವವರೆಗೆ ಕಾಯಿಸುತ್ತದೆ. ಮದುವೆಗಳಲ್ಲಿ ಈಗ ಸೂಪ್ ಕೌಂಟರ್ ಇಡಿ ಅನ್ನುತ್ತಾರೆ. ಮೊದಲ ಪಂಕ್ತಿ ಏಳುವವರೆಗೆ ಜನರನ್ನು ಸುಮ್ಮನೆ ಕೂರಿಸಲು ಅದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಅಲ್ಲಿನದು ಅರ್ಧಕ್ಕರ್ಧ ಕಾರ್ನ್‌ಫ್ಲೋರ್ ಗಂಜಿ, ನನ್ನದನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಪುತ್ತೂರು ಮಾವ · 9:40

ನಮ್ಮಲ್ಲಿ ಸಾರನ್ನೂ ಲೋಟದಲ್ಲಿ ಕುಡಿಯುತ್ತಾರೆ. ಉತ್ತರ ಕನ್ನಡದವರು ಅಪ್ಪೆಹುಳಿಯನ್ನು, ಅಂದರೆ ಮಾವಿನಕಾಯಿಯ ತೆಳು ಸಾರನ್ನು, ಊಟದ ಕೊನೆಗೆ ಕುಡಿಯುತ್ತಾರೆ. ಅದಕ್ಕೇನು ಹೆಸರಿಡುತ್ತೀರಿ?

ಮಂಡ್ಯದ ಅಜ್ಜಿ · 10:00

(ಅಜ್ಜಿ: ಹೆಸರು ಕಟ್ಟಿಕೊಂಡು ಏನು, ಬಿಸಿ ಇರುವಾಗ ಕುಡಿಯಿರಿ.)

ಭಾನುವಾರದ ಬುಟ್ಟಿ · ಮುಂದಿನ ಭಾನುವಾರ, ರಾತ್ರಿ 8:47

ವರದಿ ಒಪ್ಪಿಸುತ್ತಿದ್ದೇನೆ.

ಈ ವಾರ ಉಳಿದದ್ದು: ಎರಡು ಕ್ಯಾರೆಟ್, ಹತ್ತು ಹನ್ನೆರಡು ಬೀನ್ಸ್, ಒಂದು ಆಲೂಗಡ್ಡೆ, ಮೂರು ಟೊಮೆಟೊ, ಒಂದು ಬಟ್ಟಲಿನಷ್ಟು ಎಲೆಕೋಸು, ಒಂದು ಮೆಕ್ಕೆಜೋಳ, ಮತ್ತೆ ಅರ್ಧ ಬೀಟ್‌ರೂಟ್. ಬೀಟ್‌ರೂಟನ್ನು ಮುಟ್ಟಲಿಲ್ಲ. ಕ್ಯಾರೆಟನ್ನು ನೀರಿಗೆ ಹಾಕಿ ಇಟ್ಟೆ. ಮಾವ, ನಿಜವಾಗಿಯೂ ಲಟಕ್ ಅಂದಿತು!

ಮೊದಲು ಜೋಳದ ಕಾಳು ಬಿಡಿಸಿಕೊಂಡು, ದಿಂಡನ್ನು ಎರಡು ತುಂಡು ಮಾಡಿ, ಕೊತ್ತಂಬರಿ ದಂಟಿನ ಜೊತೆ ಒಂದೂಕಾಲು ಲೀಟರ್ ನೀರಿನಲ್ಲಿ ಕುದಿಯಲು ಇಟ್ಟೆ. ಪಕ್ಕದ ಒಲೆಯಲ್ಲಿ ಈರುಳ್ಳಿ. ಐದನೇ ನಿಮಿಷಕ್ಕೆ ಏನೂ ಆಗುತ್ತಿಲ್ಲ ಅನ್ನಿಸಿ ಉರಿ ಜೋರು ಮಾಡಲು ಕೈ ಹೋಯಿತು. ತಡೆದೆ. ಎಂಟನೇ ನಿಮಿಷಕ್ಕೆ ಅಂಚುಗಳು ಮಂಜಾಗಿ, ಹೋಳು ಚಮಚಕ್ಕೆ ಅಂಟತೊಡಗಿತು, ವಾಸನೆಯೇ ಬೇರೆಯಾಯಿತು. ಹಾಲಿನಲ್ಲಿ ಕೂತಿದ್ದ ನಮ್ಮನೆಯವರು "ಏನದು?" ಎಂದು ಎದ್ದು ಬಂದರು. ಅಡುಗೆಮನೆಗೆ ಅವರು ಕರೆಯದೆ ಬಂದದ್ದು ದಾಖಲೆ.

ಐದು ಎಸಳು ಬೆಳ್ಳುಳ್ಳಿ, ಆಮೇಲೆ ಕ್ಯಾರೆಟ್, ಬೀನ್ಸ್, ಆಲೂಗಡ್ಡೆ, ಜೋಳದ ಕಾಳು. ಸೋಸಿದ ನೀರು ಹಾಕಿ ಹದಿನೈದು ನಿಮಿಷ. ಟೊಮೆಟೊ ಹಾಕಿ ಹತ್ತು ನಿಮಿಷ. ಎಲೆಕೋಸು ಹಾಕಿ ಆರು ನಿಮಿಷ, ಮೊಬೈಲಿನಲ್ಲಿ ಅಲಾರಂ ಇಟ್ಟು. ಅತ್ತೆ ಕೊಟ್ಟಿದ್ದ ಕಡಗೋಲು ಅಟ್ಟದ ಮೇಲಿತ್ತು, ಇಳಿಸಿ ತೊಳೆದು ನಾಲ್ಕು ಸುತ್ತು ಮಸೆದೆ. ಕೊನೆಗೆ ಕಾಳುಮೆಣಸು, ಕೊತ್ತಂಬರಿ ಎಲೆ, ಒಲೆ ಆರಿಸಿ ನಾಲ್ಕು ಹನಿ ನಿಂಬೆ.

ಬಣ್ಣ ತಿಳಿ ಕಿತ್ತಳೆ. ಇಬ್ಬರೂ ಎರಡೆರಡು ಬಟ್ಟಲು ಕುಡಿದೆವು. ಆದರೆ ಎರಡು ದೂರು. ಒಂದು, ಸ್ವಲ್ಪ ನೀರು ನೀರು. ಎರಡು, ನೀರು ಬತ್ತುತ್ತದೆ ಅನ್ನುವುದು ಮರೆತು ಮೊದಲೇ ಪೂರ್ತಿ ಉಪ್ಪು ಹಾಕಿದ್ದರಿಂದ ಕೊನೆಗೆ ಉಪ್ಪು ಜಾಸ್ತಿ. ಹಸಿ ಆಲೂಗಡ್ಡೆ ಹಾಕಿದರೆ ಉಪ್ಪು ಎಳೆದುಕೊಳ್ಳುತ್ತದಂತಲ್ಲ, ನಿಜವಾ?

ಒಲೆ ಮುಂದಿನವ · 9:15

ಶಭಾಷ್ ಮೇಡಂ!

ಆಲೂಗಡ್ಡೆ ಉಪ್ಪನ್ನೇ ಹುಡುಕಿ ಎಳೆಯುವುದಿಲ್ಲ, ಉಪ್ಪುನೀರನ್ನು ಕುಡಿಯುತ್ತದೆ ಅಷ್ಟೆ. ಉಳಿದ ಸೂಪು ಅಷ್ಟೇ ಉಪ್ಪಾಗಿರುತ್ತದೆ. ನೀರು ಸೇರಿಸುವುದೊಂದೇ ದಾರಿ. ತೆಳುವಾಯಿತು ಅಂದರೆ ಒಂದು ಹಿಡಿ ಹೆಸರುಬೇಳೆ ಬೇಯಿಸಿ ಮಸೆದು ಸೇರಿಸಿ, ಎರಡೂ ದೂರು ಒಟ್ಟಿಗೆ ತೀರುತ್ತವೆ. ಉಪ್ಪನ್ನು ಯಾವಾಗಲೂ ಅರ್ಧ ಮೊದಲು, ಅರ್ಧ ಕೊನೆಗೆ.

ಮಂಡ್ಯದ ಅಜ್ಜಿ · 9:32

(ಅಜ್ಜಿ ಮಲಗಿದ್ದರು, ಎಬ್ಬಿಸಿ ಓದಿ ಹೇಳಿದೆ.) ಗಟ್ಟಿಯಾಗಲು ರಾಗಿ ಹಿಟ್ಟು ಹಾಕು ಮಗು. ಎರಡು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿಕೋ. ಬಿಸಿಗೆ ನೇರ ಹಾಕಿದರೆ ಗಂಟಾಗುತ್ತದೆ. ಕುದಿಯುವಾಗ ಒಂದು ಕೈಯಲ್ಲಿ ಬಿಡುತ್ತಾ ಇನ್ನೊಂದು ಕೈಯಲ್ಲಿ ತಿರುಗಿಸು. ಐದು ನಿಮಿಷ ಬೇಯಲಿ, ಹಸಿ ವಾಸನೆ ಹೋಗಬೇಕು. ಬಣ್ಣ ಕಂದಾಗುತ್ತದೆ, ಹೆದರಬೇಡ. ಅದು ನಿನ್ನ ಇಟ್ಟಿಗೆ ಪುಡಿ ಅಲ್ಲ.

ಮ್ಯೂನಿಕ್ ಮಲ್ಲಿಗೆ · 10:20

ಆ ಅರ್ಧ ಬೀಟ್‌ರೂಟ್ ಗತಿ ಏನು?

ಭಾನುವಾರದ ಬುಟ್ಟಿ · 10:24

ಡ್ರಾಯರಿನಲ್ಲಿ ಒಬ್ಬನೇ ಕೂತಿದ್ದಾನೆ.

ಪುತ್ತೂರು ಮಾವ · 10:41

ಸಾಸಮೆ ಮಾಡಿ. ತುರಿದು, ಎರಡು ನಿಮಿಷ ಬೇಯಿಸಿ ಆರಲು ಬಿಡಿ. ಕಾಲು ಬಟ್ಟಲು ತೆಂಗಿನ ತುರಿ, ಅರ್ಧ ಚಮಚ ಸಾಸಿವೆ, ಒಂದು ಹಸಿಮೆಣಸು ನುಣ್ಣಗೆ ರುಬ್ಬಿ ಸೇರಿಸಿ. ಒಂದು ಬಟ್ಟಲು ಮೊಸರು, ಉಪ್ಪು. ಮೇಲೆ ಒಗ್ಗರಣೆ. ಒಲೆ ಮೇಲೆ ಮತ್ತೆ ಇಡುವುದು ಬೇಡ.

ಭಾನುವಾರದ ಬುಟ್ಟಿ · 10:44

ಮೊಸರು ಇದೆ. ತೆಂಗಿನಕಾಯಿ ಅರ್ಧ ಹೋಳು ಉಳಿದಿದೆ. ನಾಳೆ ಡಬ್ಬಿಗೆ ಇದೇ.